ಅತ್ತೆಯ ತೊಂಬುಲ್ ತೋಟ

ನಾನು ಸೊಸೆಯಾಗಿ ಈ ಮನೆಗೆ ಬಂದ ದಿನ ಅತ್ತೆ ಸಾನಿಯೆ ನನ್ನ ಮುಖಕ್ಕಿಂತ ಮೊದಲು ನೋಡಿದ್ದು ನನ್ನ ತವರಿನವರು ಕಳಿಸಿದ್ದ ಹೇಝಲ್ ಕಾಯಿಯ ಚೀಲವನ್ನು. ಒಂದನ್ನು ದವಡೆಗಿಟ್ಟು ಕಟಕ್ಕನೆ ಒಡೆದು, ತಿರುಳು ಅಗಿದು, ಬೀಗರೆಲ್ಲ ಕೇಳುವಂತೆ ತೀರ್ಪು ಕೊಟ್ಟರು.

"ಪಲಾಜ್. ಓರ್ದು ಸೀಮೆಯ ಚಪ್ಪಟೆ ಜಾತಿ. ಹೋಗ್ಲಿ ಬಿಡಿ, ಹುಡುಗಿ ತಪ್ಪೇನಿದೆ ಪಾಪ."

ಅಂದಿನಿಂದ ನಾನು ಪಲಾಜ್. ಗುಲ್ಸುಮ್ ಎಂಬ ನನ್ನ ಹೆಸರು ನೆಂಟರು ಬಂದಾಗ ಮಾತ್ರ ಹೊರಗೆ ಬರುತ್ತದೆ, ಒಳ್ಳೆಯ ತಟ್ಟೆ ಲೋಟಗಳ ಜೊತೆಗೆ.

ಅತ್ತೆಯ ತೋಟದಲ್ಲಿರುವುದು ಬರೀ ತೊಂಬುಲ್. ದುಂಡಗಿನ, ತೆಳು ಚಿಪ್ಪಿನ, ಹುರಿದರೆ ಒಳಸಿಪ್ಪೆ ಬೆರಳಿಗೇ ಉದುರುವ ಕಾಯಿ. ನಮ್ಮ ಗಿರೆಸುನ್ ಬೆಟ್ಟಗಳಲ್ಲಿ ಅದಕ್ಕಿಂತ ಮೇಲಿನ ಜಾತಿ ಇಲ್ಲ. ಇದ್ದರೂ ಅತ್ತೆಯ ಮುಂದೆ ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ದಿಬ್ಬದಾಚೆಯ ನೆರೆಯವರಾದ ರಿಫತ್ ಮಾವನ ತೋಟವೋ, ಸಿವ್ರಿ, ಪಲಾಜ್, ಹೆಸರೇ ಇಲ್ಲದ ಇನ್ನೇನೇನೋ ಸೇರಿದ ಕಲಸುಮೇಲೋಗರ. ನಲವತ್ತು ವರ್ಷಗಳಿಂದ ಅವರನ್ನು ಕಂಡಾಗೆಲ್ಲ ಅತ್ತೆಯದು ಒಂದೇ ಪ್ರಶ್ನೆ.

"ಏನಪ್ಪಾ ರಿಫತ್, ನಿನ್ನ ಸಂತೆ ಹೇಗೆ ನಡೀತಿದೆ?"

ಅವರಿಗಿಂತ ಹೆಚ್ಚು ಬೈಗುಳ ತಿಂದವರೆಂದರೆ ನನ್ನ ಮಾವ ಇದ್ರಿಸ್. ಫೆಬ್ರುವರಿ ಬಂತೆಂದರೆ ಮಾವ ದಿನಾ ಬೆಳಿಗ್ಗೆ ಜೋಳದ ರೊಟ್ಟಿ ತಿಂದು, "ಚಹದಂಗಡಿಗೆ ಹೋಗಿ ಬರ್ತೀನಿ" ಎಂದು ಹೊರಡುತ್ತಿದ್ದರು.

"ಹೋಗಿ, ಹೋಗಿ. ಇಲ್ಲಿ ಸೌದೆ ತಾನಾಗೇ ಒಡ್ಕೊಳುತ್ತೆ. ಮನೇಲಿ ಚಹಾ ಇಲ್ಲ ನೋಡಿ ಪಾಪ," ಎಂದು ಅತ್ತೆ ಬಾಗಿಲಿನಿಂದ ಶುರು ಮಾಡಿದರೆ, ಮಾವ ಬೇಲಿ ದಾಟುವವರೆಗೂ ಸಹಸ್ರನಾಮ ನಿಲ್ಲುತ್ತಿರಲಿಲ್ಲ. ಮಾವ ಟೋಪಿ ಸರಿಮಾಡಿಕೊಂಡು ತಿರುಗಿಯೂ ನೋಡದೆ ನಡೆದುಬಿಡುತ್ತಿದ್ದರು. ಕಡಿದಾದ ತೋಟ, ಅತ್ತೆಗೆ ಮಂಡಿನೋವು ಬೇರೆ. ಹಿಮ ಕರಗಿ ಏಪ್ರಿಲ್ ಬರುವವರೆಗೆ ಅವರು ಅತ್ತ ಕಾಲಿಡುತ್ತಿರಲಿಲ್ಲ.

ಮಾವ ತೀರಿಕೊಂಡ ಮರುವರ್ಷದಿಂದ ತೋಟ ಕಾಯಿ ಕಚ್ಚುವುದನ್ನೇ ನಿಲ್ಲಿಸಿತು. ಎಲೆ ಬೇಕಾದಷ್ಟು, ಗೊಂಚಲು ಹುಡುಕಿದರೂ ಇಲ್ಲ. ಮೊದಲ ವರ್ಷ ಅತ್ತೆ ಮಂಜನ್ನು ಬೈದರು. ಎರಡನೆಯ ವರ್ಷ ಕೆಟ್ಟ ಕಣ್ಣನ್ನು. ಮೂರನೆಯ ವರ್ಷ ಬೈಯಲು ಬೇರೆ ಯಾರೂ ಉಳಿಯದ್ದರಿಂದ ನನ್ನನ್ನು.

"ನಿನ್ನ ಮಾವನ ಬುಟ್ಟಿ ಎಲ್ಲಿ? ಕೆಂಪು ಬಟ್ಟೆ ಸುತ್ತಿದ ಹಿಡಿಕೇದು. ಒಲೆಗೆ ಹಾಕಿರ್ತೀಯ ನೀನು. ಸತ್ತವರ ಸಾಮಾನು ಸುಟ್ರೆ ತೋಟ ಫಲ ಕೊಡುತ್ತಾ, ಪಲಾಜ್?"

ನನ್ನ ಗಂಡನ ತಾಳ್ಮೆ ಮುಗಿಯಿತು. "ಅಮ್ಮಾ, ಇದನ್ನೆಲ್ಲ ಕಡಿಸಿ ಕಿವಿ ಹಣ್ಣಿನ ಬಳ್ಳಿ ಹಾಕೋಣ," ಎಂದರು. ಹಿಂದೆರಡು ಸಲ ಇದೇ ಮಾತಿಗೆ ಅತ್ತೆ ಸೌಟು ಎತ್ತಿದ್ದರು. ಈ ಸಲ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಫೆಬ್ರುವರಿಯ ಎರಡನೆಯ ಸೋಮವಾರ ಗರಗಸದವರು ಬರುವುದೆಂದಾಯಿತು. ಆ ವಾರವೆಲ್ಲ ಅತ್ತೆ ನನ್ನನ್ನು ಗುಲ್ಸುಮ್ ಎಂದೇ ಕರೆದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಭಾನುವಾರ ಅಂಗಳದಲ್ಲಿ ಅತ್ತೆ ಕೋಸಿನ ಎಲೆ ಬಿಡಿಸುತ್ತ ಕುಳಿತಿದ್ದಾಗ ರಿಫತ್ ಮಾವ ಬಂದರು. ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಹಿಡಿಕೆಯ ಬುಟ್ಟಿ. ಅದರ ತುಂಬ ಹಳದಿ ಹೂಗೊಂಡೆ ಜೋತಾಡುವ ಕೊಂಬೆಗಳು.

"ನಮ್ಮ ಬುಟ್ಟಿಗೆ ನಿನ್ನ ಮನೇಲೇನು ಕೆಲಸ?" ಎಂದರು ಅತ್ತೆ.

"ಇದ್ರಿಸಣ್ಣ ನನ್ನ ಕೊಟ್ಟಿಗೇಲೇ ಬಿಡ್ತಿದ್ದ, ಅತ್ತಿಗೆ. ತೊಂಬುಲ್‌ಗೆ ತನ್ನ ಜಾತಿ ಪರಾಗ ಹಿಡಿಯಲ್ಲ, ಬೇರೆ ಜಾತೀದೇ ಬೇಕು. ನಿಮ್ಮ ತೋಟದಲ್ಲಿ ಬೇರೆ ಗಿಡ ನೆಡೋಕೆ ನೀವು ಬಿಡಲ್ಲ. ನಡುವೆ ದಿಬ್ಬ, ನಮ್ಮ ಕಡೆ ಗಾಳಿ ಈ ಕಡೆ ಬರಲ್ಲ. ಅದಕ್ಕೇ ಪ್ರತಿ ಫೆಬ್ರುವರಿ ನನ್ನ ಸಿವ್ರಿ ಕೊಂಬೆ ಕುಯ್ಕೊಂಡು ಬಂದು ನಿಮ್ಮ ಗಿಡಗಳಿಗೆ ಕಟ್ತಿದ್ದ."

ಅತ್ತೆ ಕೈಯಲ್ಲಿದ್ದ ಕೋಸಿನ ಎಲೆ ಕೆಳಗಿಟ್ಟರು. ಆಮೇಲೆ ಕೇಳಿದರು, "ಮೂರು ವರ್ಷ ಏನು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಸಾನಿಯೆಗೆ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡಿದ್ದ. ನಾಳೆ ಗರಗಸ ಬರುತ್ತೆ ಅಂತ ಕೇಳಿದೆ. ಆಣೆ ಮುರಿದೆ. ದೇವರು ಕ್ಷಮಿಸಲಿ."

ಅತ್ತೆ ಬುಟ್ಟಿಯ ಹಿಡಿಕೆಯನ್ನು ಸವರಿದರು. ಆ ಬಟ್ಟೆ ಸುತ್ತಿದ್ದು ಅವರೇ.

"ಹಾಗಾದ್ರೆ ಚಹದಂಗಡಿ?"

"ಅದರ ಹೊಸ್ತಿಲೂ ತುಳೀತಿರಲಿಲ್ಲ, ಅತ್ತಿಗೆ. ಅಲ್ಲಿನ ಹೊಗೆಗೆ ಅವನಿಗೆ ಕೆಮ್ಮು ಬರ್ತಿತ್ತು."

"ನಲವತ್ತು ವರ್ಷ ಬೈದೆನಲ್ಲೋ ರಿಫತ್ ನಾನು. ಒಂದು ದಿನಾನಾದ್ರೂ ಅವರು ಬೇಜಾರು ಮಾಡ್ಕೊಂಡ್ರಾ?"

"ಎಲ್ಲಿ ಬೇಜಾರು. ಬಂದು ಕೂತು, ನೀವು ಬೈದಿದ್ದನ್ನ ನಿಮ್ಮ ಧ್ವನೀಲೇ ಹೇಳಿ ತೋರಿಸ್ತಿದ್ದ. ಇಬ್ರೂ ನಗ್ತಿದ್ವಿ."

ಅತ್ತೆ ತಲೆವಸ್ತ್ರದ ಅಂಚಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅಳುವುದನ್ನು ನಾನು ಮಾವನ ಮಣ್ಣಿನ ದಿನವೂ ನೋಡಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಏನು ಗರ ಬಡಿದವಳ ಹಾಗೆ ನಿಂತಿದ್ದೀಯ, ಪಲಾಜ್? ಹಗ್ಗ ತಗೊಂಡು ಬಾ. ಆ ಗರಗಸದವರಿಗೆ ಬರೋದು ಬೇಡ ಅಂತ ನಿನ್ನ ಗಂಡನ ಕೈಲಿ ಹೇಳಿಸು."

ಆ ಆಗಸ್ಟಿನಲ್ಲಿ ಕೊಂಬೆಗಳು ಬಾಗುವಷ್ಟು ಕಾಯಿ. ಅತ್ತೆ ಮೊದಲ ಚೀಲವನ್ನು ರಿಫತ್ ಮಾವನಿಗೆ ಕಳಿಸಿದರು, "ನಿಜವಾದ ಕಾಯಿ ಅಂದ್ರೆ ಏನು ಅಂತ ತಿಂದು ನೋಡ್ಲಿ" ಎಂಬ ಮಾತಿನ ಸಮೇತ.

ಮೊನ್ನೆ ಫೆಬ್ರುವರಿ ಬಂತು. ಬೆಳಿಗ್ಗೆ ಅತ್ತೆ ರೊಟ್ಟಿ ತಿಂದು, ಮಂಡಿಗೆ ಉಣ್ಣೆ ಪಟ್ಟಿ ಸುತ್ತಿ, ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು.

"ನಾನು ಚಹದಂಗಡಿಗೆ ಹೋಗಿ ಬರ್ತೀನಿ."

"ಆಯ್ತು ಅತ್ತೆ, ಹುಷಾರು," ಎಂದೆ ನಾನು.

ಅವರು ಹೊರಡಲಿಲ್ಲ. ಹೊಸ್ತಿಲ ಮೇಲೆಯೇ ನಿಂತು ನನ್ನ ಮುಖ ನೋಡುತ್ತಿದ್ದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹೋಗಿ, ಹೋಗಿ," ಎಂದು ನಾನು ಧ್ವನಿ ಏರಿಸಿದೆ. "ಇಲ್ಲಿ ಸೌದೆ ತಾನಾಗೇ ಒಡ್ಕೊಳುತ್ತೆ. ಮನೇಲಿ ಚಹಾ ಇಲ್ಲ ನೋಡಿ ಪಾಪ."

ಅತ್ತೆ ತಲೆವಸ್ತ್ರ ಸರಿಮಾಡಿಕೊಂಡು, ತಿರುಗಿಯೂ ನೋಡದೆ ಬೇಲಿಯತ್ತ ನಡೆದರು. ಅವರು ದಿಬ್ಬ ದಾಟುವವರೆಗೂ ನಾನು ಬಾಗಿಲಲ್ಲೇ ನಿಂತು ಬೈಯುತ್ತಲೇ ಇದ್ದೆ.