ಅಜ್ಜಿಯ ಅಂಗೈ ಕೆಳಗೆ

ನನ್ನ ಪಿಎಚ್‌ಡಿಯ ಮೂರನೇ ಅಧ್ಯಾಯ ಗೈಡ್ ಹತ್ತಿರದಿಂದ ವಾಪಸ್ ಬಂದಾಗ ಅದರ ಮೈತುಂಬಾ ಕೆಂಪು ಸುತ್ತುಗಳಿದ್ದವು. ಬೌದ್ಧರ ಅನಾತ್ಮವಾದ ನನ್ನ ವಿಷಯ. ಮನುಷ್ಯನ ಒಳಗೆ ಬದಲಾಗದೆ ಕೂತಿರುವ ‘ನಾನು’ ಎಂಬುದೊಂದಿಲ್ಲ, ಹುಟ್ಟಿ ಹೋಗುತ್ತಿರುವ ಕ್ಷಣಗಳ ಸಾಲಷ್ಟೇ ಇದೆ ಎಂದು ನಲವತ್ತು ಪುಟ ಬರೆದಿದ್ದೆ. ಬರೆಯುವ ಭರದಲ್ಲಿ ‘ನಾನು ಇಲ್ಲಿ ವಾದಿಸುವುದೇನೆಂದರೆ’, ‘ನಾನು ಇದನ್ನು ಒಪ್ಪುವುದಿಲ್ಲ’ ಎಂದು ಪುಟಕ್ಕೆರಡು ಸಲ ಹಾಕಿಬಿಟ್ಟಿದ್ದೆ. ಗೈಡ್ ಅಂಥ ಒಂದೊಂದು ಕಡೆಯೂ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು?’ ಎಂದು ಬರೆದಿದ್ದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಹಾಸ್ಟೆಲಿನಲ್ಲಿ ಕೂತರೆ ಇದು ಮುಗಿಯುವುದಿಲ್ಲವೆಂದು ಹೊನ್ನಾಳಿಯ ಬಸ್ ಹತ್ತಿದೆ.

ಇಂಥ ಪ್ರಶ್ನೆ ನನಗೆ ಹೊಸದೇನಲ್ಲ. ಪಿಎಚ್‌ಡಿಗೆ ಸೇರುವ ಮುಂಚೆ ಒಂದು ವರ್ಷ ಜಗಳೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಇದೇ ಪಾಠ ಮಾಡಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಯಾರೂ ಇಲ್ಲ ಅಂದ ಮೇಲೆ ಅಟೆಂಡೆನ್ಸ್ ಯಾರಿಗೆ ಹಾಕುತ್ತೀರಿ ಮೇಡಮ್ ಎಂದು ಕೇಳಿದ್ದಳು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಉತ್ತರ ಮಾತ್ರ ಇವತ್ತಿಗೂ ಕೊಟ್ಟಿಲ್ಲ.

ಊರಿಗೆ ಬಂದರೆ ಮನೆಯಲ್ಲಿ ಅಮ್ಮ ಇರಲಿಲ್ಲ. ನ್ಯಾಮತಿಯಲ್ಲಿ ಚಿಕ್ಕಮ್ಮ ಕಾಲು ಮುರಿದುಕೊಂಡಿದ್ದಳೆಂದು ಅಲ್ಲಿಗೆ ಹೋಗಿದ್ದಳು. ಅಪ್ಪನಿಗೆ ಚನ್ನಗಿರಿಯಲ್ಲಿ ಕೆಲಸ, ಬೆಳಗ್ಗೆ ಏಳಕ್ಕೇ ಬಸ್ಸು. ಉಳಿದವರು ನಾನು ಮತ್ತು ಅಪ್ಪನ ತಾಯಿ, ನನ್ನಜ್ಜಿ. ಅಜ್ಜಿಗೆ ಎರಡು ವರ್ಷದಿಂದ ಕೈ ನಡುಗುವ ಕಾಯಿಲೆ. ಕಣ್ಣೂ ಮಂಜು. ಆದರೆ ಲಿಂಗಪೂಜೆ ಆಗದೆ ಒಂದು ತುತ್ತು ಬಾಯಿಗಿಡುವವಳಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ನೀರೆರೆದು, ಒಂದೆಸಳು ಪತ್ರೆ ಏರಿಸಬೇಕು. ನಡುಗುವ ಅಂಗೈಯಲ್ಲಿ ಅದು ನಿಲ್ಲುವುದಾದರೂ ಹೇಗೆ? ಅದಕ್ಕೇ ಅಮ್ಮ ದಿನವೂ ಎದುರಿಗೆ ಕೂತು ಅಜ್ಜಿಯ ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಡುತ್ತಿದ್ದಳು. ಲಿಂಗ ನೆಲಕ್ಕೆ ಬಿದ್ದರೆ ಅಜ್ಜಿ ಊಟ ಬಿಟ್ಟುಬಿಡುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮನ ಜಾಗದಲ್ಲಿ ಈಗ ನಾನು ಕೂರಬೇಕಾಗಿತ್ತು.

ಇಲ್ಲೇ ಇದ್ದದ್ದು ಪೇಚಾಟ. ಲಿಂಗ ಕಟ್ಟದವರ ಕೈಯನ್ನು ಅಜ್ಜಿ ಪೂಜೆಗೆ ಸೇರಿಸುವವಳಲ್ಲ, ನನ್ನ ಕೊರಳಲ್ಲಿ ಲಿಂಗ ಇರಲಿಲ್ಲ. ಎಂಟನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ಕಟ್ಟಿಕೊಂಡಿದ್ದನ್ನು ವರ್ಷದ ಹಿಂದೆ ಒಂದು ಸಂಜೆ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ, ಹಾಸ್ಟೆಲ್ ಮೇಜಿನ ಡ್ರಾದಲ್ಲಿ ಜೆಮ್ ಕ್ಲಿಪ್ಪುಗಳ ಪಕ್ಕ ಇಟ್ಟಿದ್ದೆ. ದೊಡ್ಡ ಕ್ರಾಂತಿಯೇನಲ್ಲ. ಅವತ್ತು ಕಟ್ಟಿಸಿಕೊಂಡ ಎಂಟು ವರ್ಷದ ಹುಡುಗಿಯೂ ನಾನೂ ಒಂದೇ ಅಲ್ಲ ಎಂದು ಹಗಲೆಲ್ಲ ಬರೆದು, ಸಂಜೆ ಅದೇ ದಾರ ಹಾಕಿಕೊಂಡು ಕೂರುವುದು ಮುಜುಗರ ಅನ್ನಿಸಿತು ಅಷ್ಟೆ. ವಾರ ಕಳೆಯುವುದರೊಳಗೆ ಕೊರಳು ಬಿಕೋ ಅನ್ನತೊಡಗಿತು. ಆ ಹೊತ್ತಿಗೆ ಲ್ಯಾಪ್‌ಟಾಪ್ ಕೈಕೊಟ್ಟು ಒಂದಷ್ಟು ಬರಹ ಹೋಗಿತ್ತು. ಆ ಹೆದರಿಕೆಗೆ ಪೆನ್‌ಡ್ರೈವ್ ಒಂದನ್ನು ರವಿಕೆ ಬಟ್ಟೆಯ ಪುಟ್ಟ ಚೀಲದಲ್ಲಿಟ್ಟು, ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ.

ಮೊದಲನೇ ದಿನ ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಕೈ ಕೊಡುವ ಮುಂಚೆ ಕೊಳ್ಳಾಗೆ ಐತೆ ತಾನೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ನಡುಗುವ ಬೆರಳು ನನ್ನ ಎದೆಗೆ ಬಂದು, ಕುರ್ತಾದೊಳಗಿನ ಗಂಟನ್ನು ಮುಟ್ಟಿ, ಸಮಾಧಾನಪಟ್ಟುಕೊಂಡು ವಾಪಸಾಯಿತು. ನಮ್ಮ ಕಡೆ ಕರಡಿಗೆ ಇಲ್ಲದವರು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು ಇದ್ದದ್ದೇ. ಸುಳ್ಳು ಹೇಳುವ ಕಷ್ಟವೂ ನನಗೆ ಬರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು, ಸುಮ್ಮನಿದ್ದೆ. ಆಮೇಲೆ ದಿನವೂ ಅದೇ ಕ್ರಮವಾಯಿತು. ಅಜ್ಜಿ ಎದೆ ಮುಟ್ಟಿ ನೋಡುವಳು, ನಾನು ಕೈ ಕೊಡುವೆ, ಪೂಜೆಯಾಗುವುದು, ಅವಳು ಎರಡು ಇಡ್ಲಿ ತಿನ್ನುವಳು.

ಹಗಲು ಅಧ್ಯಾಯ ತಿದ್ದಲು ಕೂರುತ್ತಿದ್ದೆ. ‘ನಾನು’ ತೆಗೆದು ‘ಈ ಬರಹ’ ಎಂದು ಹಾಕಿದರೆ ಯಾರೋ ಜವಾಬ್ದಾರಿ ತಪ್ಪಿಸಿಕೊಂಡು ಓಡಿದ ಹಾಗೆ ಕಾಣುತ್ತಿತ್ತು. ಬೇಸರವಾಗಿ ಸಂಜೆ ಹೊಳೆ ಕಡೆ ಹೋಗುತ್ತಿದ್ದೆ. ತುಂಗಭದ್ರೆ ಕ್ಷಣವೂ ನಿಲ್ಲುವುದಿಲ್ಲ, ನನ್ನ ವಾದಕ್ಕೆ ಹೇಳಿ ಮಾಡಿಸಿದ ನೀರು. ಆದರೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸು ದಿನಾ ಅದೇ ಕಲ್ಲಿಗೇ ಬರುತ್ತಿದ್ದಳು, ಬೇರೆಯವರು ಕೂತಿದ್ದರೆ ಎಬ್ಬಿಸುತ್ತಿದ್ದಳು. ಅಕ್ಕಪಕ್ಕ ಬೇಕಾದಷ್ಟು ಕಲ್ಲಿದ್ದವು. ನೀರನ್ನು ನೋಡಿದರೆ ನಾನು ಬರೆದದ್ದು ಸರಿ ಅನ್ನಿಸುವುದು, ಅವಳನ್ನು ನೋಡಿದರೆ ಎಲ್ಲ ತಲೆಕೆಳಗು. ಮಿಂಚುಳ್ಳಿಯೊಂದು ತಂತಿಯ ಮೇಲೆ ಕೂತು ಎರಡನ್ನೂ ನೋಡುತ್ತಿತ್ತು. ಅದಕ್ಕೆ ಗೈಡ್ ಇಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ಹನ್ನೊಂದನೇ ದಿನ ಇರಬೇಕು. ಅಜ್ಜಿ ಲಿಂಗಕ್ಕೆ ನೀರೆರೆದು ಪತ್ರೆಗೆ ತಡಕಾಡುತ್ತಿದ್ದಳು. ನನ್ನ ತೊಡೆಯ ಮೇಲಿದ್ದ ಮೊಬೈಲು ಗುರ್ ಅಂದಿತು. ನೋಡಿದರೆ ಗೈಡ್ ಹೆಸರು. ಅದರತ್ತ ಬಗ್ಗಿದ್ದೇ ನನ್ನ ಕೈ ಒಂದಿಷ್ಟು ಕೆಳಗಿಳಿಯಿತು. ಒದ್ದೆಯಾಗಿದ್ದ ಲಿಂಗ ಅಜ್ಜಿಯ ಬೆರಳುಗಳ ಸಂದಿಯಿಂದ ಜಾರಿತು. ನಾನು ಇನ್ನೊಂದು ಕೈ ಚಾಚಿ ಹಿಡಿದೆ. ಮೊಬೈಲು ನೆಲಕ್ಕೆ ಬಿದ್ದು ಅಲ್ಲೇ ಹೊಡೆದುಕೊಳ್ಳುತ್ತಿತ್ತು.

ಅಜ್ಜಿ ಖಾಲಿ ಅಂಗೈಯನ್ನು ಮುಚ್ಚಿ ತೆರೆದು ನೋಡಿದಳು. ನೆಲಕ್ಕೆ ಬಿತ್ತಾ ಎಂದು ಕೇಳಿದಳು. ಇಲ್ಲ, ನನ್ನ ಕೈಯಲ್ಲಿದೆ ಎಂದೆ. ಅಜ್ಜಿ ಹೇಳಿದಳು:

“ಬದುಕ್ದೆ ಕಣವ್ವ. ಲಿಂಗ ಕಟ್ಟಿರೋರ ಕೈಯಾಗೆ ಐತಲ್ಲ, ಪರವಾಗಿಲ್ಲ ಬಿಡು.”

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಿದರೆ ಅಜ್ಜಿ ಅವತ್ತು ಉಣ್ಣದೆ ಹೋಗಬಹುದು, ನಾಳೆಯೂ ಉಣ್ಣದೆ ಹೋಗಬಹುದು. ಎಪ್ಪತ್ತೊಂಬತ್ತು ವರ್ಷದ ಜೀವ. ಅಷ್ಟು ತಿಳಿದೂ ಯಾಕೆ ಹೇಳಿದೆನೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅಂಗೈಯಲ್ಲಿದ್ದ ಆ ಕಪ್ಪು ಉಂಡೆ ಅಜ್ಜಿಯ ಮೈ ಶಾಖಕ್ಕೆ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು ಸುಳ್ಳಾಗಿ ಕೂತಿರಲು ಆಗಲಿಲ್ಲ. ನನ್ನ ಕೊರಳಲ್ಲಿ ಲಿಂಗ ಇಲ್ಲ, ವರ್ಷವಾಯಿತು ತೆಗೆದು, ನೀನು ದಿನಾ ಮುಟ್ಟುತ್ತಿದ್ದದ್ದು ನನ್ನ ಓದಿನ ಪೆನ್‌ಡ್ರೈವ್ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಹೊರಗೆ ಹಾಲಿನವನು ಕೂಗಿ ಕೂಗಿ ಹೋದ. ಆಮೇಲೆ ಅಜ್ಜಿ, ಅದರೊಳಗೆ ಏನಿದೆ ಎಂದು ಕೇಳಿದಳು. ಏನೆಂದು ಹೇಳಲಿ? ಕ್ಷಣಿಕತೆ, ಸಂತಾನ, ಪ್ರತೀತ್ಯಸಮುತ್ಪಾದ ಎಂಬ ಬೌದ್ಧರ ಪದಗಳನ್ನೆಲ್ಲ ಬಿಟ್ಟು ಸೀದಾ ಹೇಳಿದೆ.

“ನಾನು ಅನ್ನೋದೇ ಇಲ್ಲ ಅಂತ ಬರ್ದಿದೀನಿ ಅಜ್ಜಿ.”

“ಅದನ್ನ ಕೊಳ್ಳಿಗೆ ಕಟ್ಕೊಂಡು ತಿರುಗಾಡ್ತೀಯಾ?”

“ಹೂಂ. ಕಳೆದುಹೋದ್ರೆ ಅಂತ.”

ಅಜ್ಜಿಗೆ ನಗು ಬಂತೋ ಸಿಟ್ಟು ಬಂತೋ, ತುಟಿ ಅಲುಗಿತು. ಅದು ನಡುಕವೂ ಇರಬಹುದು. ಆಮೇಲೆ ಮಂಜು ಕಣ್ಣನ್ನು ನನ್ನ ಕಡೆ ತಿರುಗಿಸಿ ಕೇಳಿದಳು:

“ಬೀಳೋ ಹೊತ್ನಾಗೆ ಹಿಡಿದೋರು ಯಾರು ಹಂಗಾರೆ?”

ಮೂರು ವರ್ಷ ಓದಿದ್ದೆಲ್ಲ ನಾಲಿಗೆಯ ಹತ್ತಿರ ಬಂದು ನಿಂತಿತು.

“ನಾನು” ಎಂದೆ.

“ಹೂಂ. ಕೊಡು ಇಲ್ಲಿ” ಎಂದು ಅಜ್ಜಿ ಅಂಗೈ ಚಾಚಿದಳು. ಲಿಂಗವನ್ನು ಇನ್ನೊಮ್ಮೆ ತೊಳೆದಳು, ಮೊದಲಿಂದ ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ಅಷ್ಟು ಹೊತ್ತೂ ನನ್ನ ಕೈ ಅವಳ ಮಣಿಕಟ್ಟಿನ ಕೆಳಗೇ ಇತ್ತು. ಮುಗಿದ ಮೇಲೆ ಇಡ್ಲಿ ಆರಿ ಹೋಗಿದೆಯೆಂದು ಬೈದುಕೊಂಡೇ ತಿಂದಳು. ನಾನು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಚೆನ್ನಾಗಿ ಅತ್ತೆ.

ಇದರಿಂದ ನನಗೆ ಏನಾದರೂ ತಿಳಿಯಿತೇ ಎಂದರೆ, ಇಲ್ಲ. ನಾನು ಬರೆದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಡ್ರಾದಲ್ಲಿರುವುದನ್ನು ಮತ್ತೆ ಕಟ್ಟಿಕೊಳ್ಳುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ಮಧ್ಯಾಹ್ನ ಗೈಡ್‌ಗೆ ಫೋನ್ ಮಾಡಿ ಇನ್ನೊಂದು ವಾರ ಬೇಕೆಂದು ಕೇಳಿಕೊಂಡೆ. ಎಲ್ಲಿಗೆ ಬಂತು ಎಂದರು. ಮೊದಲನೇ ಸುತ್ತಿನಲ್ಲೇ ಇದ್ದೇನೆ ಸರ್ ಎಂದೆ.

ಮರುದಿನ ಬೆಳಗ್ಗೆ ಎದುರಿಗೆ ಕೂತು, ಎಂದಿನಂತೆ ಅಜ್ಜಿಯ ಬೆರಳು ಎದೆಗೆ ಬರುತ್ತದೆಂದು ಕಾಯುತ್ತಿದ್ದೆ. ಅದು ಬರಲಿಲ್ಲ. ಅಜ್ಜಿ ತಡಕಾಡಿ ನನ್ನ ಕೈಯನ್ನೇ ಹುಡುಕಿ, ತನ್ನ ಮಣಿಕಟ್ಟಿನ ಕೆಳಗೆ ಎಳೆದುಕೊಂಡಳು.