ಫ್ರೀಜರ್ ಟ್ರಕ್ಕಿನಲ್ಲಿ ಬಂದ ಹುಂಜ

ನನ್ನ ಗಂಡ ಸಿಡ್ನಿಯಿಂದ ಮೆಲ್ಬರ್ನಿಗೆ ಫ್ರೀಜರ್ ಟ್ರಕ್ ಓಡಿಸುತ್ತಿದ್ದ ಕಾಲ ಅದು. ಅವರು ಓದಿದ್ದು ಎಂಜಿನಿಯರಿಂಗ್. ಕಾಯಂ ನೆಲೆಸುವ ಪರವಾನಗಿ, ಪಿಆರ್, ಬಂದ ಮೇಲೂ ಆ ಕೆಲಸ ಸಿಗಲಿಲ್ಲ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಿಟ್ಟು ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನಾನು ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಹುಣ್ಣಿಗೆ ಪಟ್ಟಿ ಕಟ್ಟುವ ಕೆಲಸದಲ್ಲಿದ್ದೆ. ಅವರು ಮನೆ ಸೇರುವ ಹೊತ್ತಿಗೆ ನಾನು ಹೊರಟಿರುತ್ತಿದ್ದೆ. ನಮ್ಮ ನಡುವೆ ಮಾತು ಬಹಳ ಕಡಿಮೆಯಾಗಿತ್ತು.

ಜುಲೈ ತಿಂಗಳ ಚಳಿಗಾಲದ ಒಂದು ಬೆಳಿಗ್ಗೆ, ನಾನು ಹೊರಡುವ ಮೊದಲೇ, ಅವರು ಜಾಕೆಟ್ಟಿನಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು ಬಂದರು. ಬಿಚ್ಚಿದರೆ ಒಂದು ಕೆಂಪು ಹುಂಜ. ಕಣ್ಣು ಮುಚ್ಚಿತ್ತು. ಕಾಲುಗಳು ಮೇಣದಂತೆ ಬಿಳಿಚಿದ್ದವು, ಮುಟ್ಟಿದರೆ ಕಟ್ಟಿಗೆಯಷ್ಟು ಗಟ್ಟಿ.

"ಗಾಡಿ ಒಳಗಿತ್ತು ಕಣೆ," ಎಂದರು. "ಸಿಡ್ನಿ ಲಿವರ್‌ಪೂಲ್ ಆಚೆ ಗೋದಾಮಲ್ಲಿ ಲೋಡ್ ಮಾಡುವಾಗ ಹತ್ತಿರ್ಬೇಕು. ಇಲ್ಲಿ ಬಾಗಿಲು ತೆಗೆದ್ರೆ ಮೂಲೇಲಿ ನಿಂತಿದೆ. ಕಾಲು ನೆಲಕ್ಕೇ ಅಂಟ್ಕೊಂಡಿತ್ತು. ನೀರು ಹುಯ್ದು ಬಿಡಿಸ್ದೆ." ಜಾಕೆಟ್ಟನ್ನು ಮತ್ತೆ ಅದರ ಮೇಲೆ ಹೊದಿಸುತ್ತಾ, "ಬಾಗಿಲು ಹಾಕಿದ್ದು ನಾನೇ," ಎಂದರು.

ಆ ಗೋದಾಮಿನ ಸುತ್ತ ದಿಕ್ಕಿಲ್ಲದ ಹುಂಜಗಳಿದ್ದವು. ಬಡಾವಣೆಗಳಲ್ಲಿ ಹುಂಜ ಕೂಗಿದರೆ ಪಕ್ಕದವರು ದೂರು ಕೊಡುತ್ತಾರೆ. ಮರಿಯೆಂದು ಮುದ್ದಿನಿಂದ ತಂದವರು ದೊಡ್ಡದಾದ ಮೇಲೆ ಅಲ್ಲಿ ಬಿಟ್ಟುಹೋಗುತ್ತಿದ್ದರು.

ಕಾಲುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟು ಹಿಡಿದುಕೊಂಡೆ. ರಕ್ತ ಮತ್ತೆ ಹರಿಯತೊಡಗಿದಾಗ ಅದು ಚೀರಿತು. ಕೋಳಿಯ ದನಿಯೇ ಅಲ್ಲ ಅದು. ಗಂಡ ಎದ್ದು ಹಿತ್ತಲಿಗೆ ಹೋದರು.

ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಂಗಸು. ಕಾಲುಗಳನ್ನು ನೋಡಿ, ಎಷ್ಟು ಸತ್ತಿದೆ, ಎಷ್ಟು ಬದುಕಿದೆ ಎಂದು ಈಗಲೇ ಗೊತ್ತಾಗುವುದಿಲ್ಲ, ಕಾಯಬೇಕು, ಇಲ್ಲವೆಂದರೆ ಇವತ್ತೇ ನೋವಿಲ್ಲದೆ ಸಾಯಿಸುವ ಇಂಜೆಕ್ಷನ್ ಕೊಡಬಹುದು ಎಂದಳು. ನಾನು ಇಂಜೆಕ್ಷನ್ನೇ ಒಳ್ಳೆಯದು ಅಂದುಕೊಂಡೆ. ಗಂಡ ಕಾಯುತ್ತೇವೆ ಎಂದರು.

ಬಟ್ಟೆ ಒಗೆಯುವ ಕೋಣೆಯಲ್ಲಿ ಹಳೆಯ ಟವೆಲ್ ಹಾಸಿ ಅದಕ್ಕೆ ಜಾಗ ಮಾಡಿದೆವು. ಮೊದಲು ಬೊಬ್ಬೆಗಳೆದ್ದವು, ಆಮೇಲೆ ಬೆರಳುಗಳು ತುದಿಯಿಂದ ಕಪ್ಪಾಗುತ್ತಾ ಬಂದವು. ದಿನವೆಲ್ಲ ಮುದುಕರ ಕಾಲು ತೊಳೆದು ಬಂದು ಇದರ ಕಾಲಿಗೆ ಮುಲಾಮು ಹಚ್ಚಿ ಪಟ್ಟಿ ಸುತ್ತುವಾಗ ಎಷ್ಟೋ ಸಲ ಸಿಟ್ಟು ಬರುತ್ತಿತ್ತು. ಆದರೆ ಹುಂಜ ಸುಮ್ಮನೆ ಕಾಲು ಕೊಟ್ಟುಕೊಂಡು ಮಲಗಿರುತ್ತಿತ್ತು.

ಕಾಳು ನೆನೆಸಿ ಕೈಯಿಂದ ತಿನ್ನಿಸುವುದು ಗಂಡನ ಕೆಲಸ. ರಜೆಯಿದ್ದ ಒಂದು ದಿನ ನಾನು ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದೆ. ಅವರು ಪಕ್ಕದ ಕೋಣೆಯಲ್ಲಿ ಹುಂಜದ ಜೊತೆ ಮಾತಾಡುತ್ತಿದ್ದರು.

"ದಾರಿ ಉದ್ದಕ್ಕೂ ಮಂಜು ಕಣಯ್ಯ. ಮುಂದಿನ ಗಾಡಿ ಲೈಟೂ ಕಾಣಲ್ಲ. ಒಂದೊಂದ್ಸಲ ಸ್ಟೀರಿಂಗ್ ಬಿಟ್ಟು ಹಂಗೇ ಕಣ್ಮುಚ್ಕೊಂಡ್ಬಿಡೋಣ ಅನ್ಸುತ್ತೆ."

ನನ್ನ ಕೈ ನಿಂತಿತು. ಬಾಗಿಲಿಗೆ ಬಂದು, "ಏನಂದ್ರಿ?" ಎಂದೆ.

"ಏನಿಲ್ಲ. ಇದರ ಜೊತೆ ಮಾತಾಡ್ತಿದ್ದೆ."

ಆಮೇಲೆ ಅವರು ಟ್ರಕ್ ಹತ್ತಿದ ದಿನಗಳಲ್ಲಿ ಆಶ್ರಮದ ಟಾಯ್ಲೆಟ್ಟಿಗೆ ಹೋಗಿ ಫೋನ್ ಮಾಡುತ್ತಿದ್ದೆ. ಎತ್ತಿದರೆ, ಊಟ ಆಯ್ತಾ ಎಂದು ಕೇಳಿ ಇಡುತ್ತಿದ್ದೆ.

ಒಂದು ಬೆಳಿಗ್ಗೆ ಹುಂಜದ ಟವೆಲ್ ಮೇಲೆ ಒಣಗಿದ ಬೆರಳೊಂದು ಬಿದ್ದಿತ್ತು, ಉಗುರಿನ ಸಮೇತ. ಅವರು ನೋಡುವ ಮೊದಲೇ ಕಾಗದದಲ್ಲಿ ಸುತ್ತಿ ಬಿಸಾಕಿದೆ. ಉಳಿದವೂ ಒಂದೊಂದಾಗಿ ಬಿದ್ದವು. ಬಲಗಾಲಿನ ಮೊಂಡು ಒಣಗಿತು. ಅದರ ಮೇಲೆ ಹುಂಜ ಏಳಲು ಹೊರಟು ಪಕ್ಕಕ್ಕೆ ಉರುಳುತ್ತಿತ್ತು. ಎಡಗಾಲು ಮಾತ್ರ ಒಣಗಲಿಲ್ಲ. ಕೀವು ಕಟ್ಟಿ, ವಾಸನೆ ಮನೆಯೆಲ್ಲ ಹಬ್ಬಿತು. ಹುಂಜ ಕಾಳು ತಿನ್ನುವುದನ್ನು ಬಿಟ್ಟಿತು. ಆ ವಾಸನೆ ಆಶ್ರಮದಿಂದ ನನಗೆ ಗೊತ್ತಿತ್ತು.

"ಇನ್ನು ಸಾಕು ರೀ," ಎಂದೆ. ಅವರು ಕಾರಿನ ಕೀ ತೆಗೆದುಕೊಂಡರು.

ಕ್ಲಿನಿಕ್ಕಿನ ಒಳಗೆ ಅವರು ಬರಲಿಲ್ಲ. ಹುಂಜವನ್ನು ನಾನೇ ಹಿಡಿದುಕೊಂಡಿದ್ದೆ. ಇಂಜೆಕ್ಷನ್ ಆದ ಮೇಲೆ ಕತ್ತು ನನ್ನ ಮೊಣಕೈ ಮೇಲೆ ಮೆಲ್ಲಗೆ ಒರಗಿತು.

ಕಾರಿನಲ್ಲಿ ಅವರು, "ನೋವಾಯ್ತಾ ಅದಕ್ಕೆ?" ಎಂದು ಕೇಳಿದರು.

"ಇಲ್ಲ," ಎಂದೆ. "ನೀವು ಅವತ್ತು ಅದರ ಹತ್ರ ಹೇಳಿದ್ದು ನನಗೆ ಕೇಳಿಸ್ತು. ಟ್ರಕ್ ಬಿಟ್ಬಿಡಿ. ನನ್ನ ಸಂಬಳದಲ್ಲಿ ಹೆಂಗೋ ನಡೆಯುತ್ತೆ."

ಅವರು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ಕಂಡಿದ್ದು ಅದೇ ಮೊದಲು. ಅದಾದ ಮೇಲೂ ಕೆಲವು ಸಲ ಸಿಡ್ನಿಗೆ ಹೋಗಿಬಂದರು. ಚಳಿಗಾಲ ಮುಗಿಯುವ ಹೊತ್ತಿಗೆ ಮನೆಯ ಹತ್ತಿರದ ಗೋದಾಮೊಂದರಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸಕ್ಕೆ ಸೇರಿದರು. ಮಾತು ಆಗಲೂ ಕಡಿಮೆಯೇ ಇತ್ತು, ಆದರೆ ಸಂಜೆಯ ಊಟ ಒಟ್ಟಿಗೆ ಮಾಡತೊಡಗಿದೆವು.