ಬಳೆಯಳತೆಯ ಅಕ್ಷರಗಳು

ನಿವೃತ್ತಿಯಾದ ಮೇಲೆ ನಾನು ದಾವಣಗೆರೆಯ ಸಣ್ಣದೊಂದು ರೇಡಿಯೊ ಕೇಂದ್ರದಲ್ಲಿ, ಶಾಲೆಗೆ ಹೋಗಲಾಗದ ಮಕ್ಕಳಿಗೆ ಕನ್ನಡ ಪಾಠ ಹೇಳತೊಡಗಿದೆ. ಜೀವಮಾನವೆಲ್ಲ ಕಪ್ಪುಹಲಗೆಯ ಮುಂದೆ ನಿಂತವಳು ನಾನು. ಹಲಗೆಯೇ ಇಲ್ಲದೆ ಅಕ್ಷರ ಕಲಿಸುವುದು ಹೇಗೆ? ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಮಾತಿಗೆ ಎಳೆದುಕೊಂಡೆ. "ಒಂದು ಬಳೆ ಬರೀರಿ, ಮೇಲೊಂದು ತಲೆಕಟ್ಟು ಇಡ್ರಿ. ಅದು ರ. ಬಳೆ ನಡುವೆ ಸಾಸಿವೆ ಕಾಳು ಇಟ್ರೆ ಠ."

ಒಂದು ದಿನ ಹರಿಹರದಿಂದ ಹೆಂಗಸೊಬ್ಬರು ಫೋನ್ ಮಾಡಿದರು. "ನನ್ ಮಗಳು ನಿಮ್ ಪಾಠ ಕೇಳ್ತಾಳ್ರಿ ಮೇಡಂ. ಅವಳಿಗೆ ಕಾಲಾಗೆ ಶಕ್ತಿ ಇಲ್ಲ, ಸಾಲಿಗೆ ಹೋಗಾಕೆ ಆಗಲ್ಲ. ಬರೆದದ್ದು ಸರಿ ಐತೋ ಇಲ್ಲೋ, ಒಂದ್ಸಲ ಬಂದು ನೋಡ್ರಿ. ನನಗೂ ಓದಾಕೆ ಬರಲ್ಲ."

ಭಾನುವಾರ ಬಸ್ಸು ಹತ್ತಿದೆ. ಒಂದೇ ಕೋಣೆಯ ಮನೆ, ಬಾಗಿಲ ಪಕ್ಕ ಹೊಲಿಗೆ ಯಂತ್ರ. "ಬರ್ರಿ, ಸ್ವಲ್ಪ ನೋಡ್ಕೊಂಡು ಕಾಲಿಡ್ರಿ," ಎಂದರು ತಾಯಿ. ನೆಲದ ತುಂಬ ಅಕ್ಷರಗಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದವು. ಎಲ್ಲವೂ ಅಂಗೈಯಗಲ, ಒಂದೊಂದೂ ಕೊರೆದಿಟ್ಟಷ್ಟು ದುಂಡಗೆ.

"ಇಷ್ಟು ದುಂಡಗೆ ಹೆಂಗೆ ಬರ್ದೆ?"

ಗೋಡೆಗೊರಗಿ ಕೂತಿದ್ದ ಹುಡುಗಿ ಅಮ್ಮನ ಕೈಯಿಂದ ಬಳೆ ತೆಗೆಸಿಕೊಂಡು ನೆಲದ ಮೇಲಿಟ್ಟು ಸುತ್ತ ಗೆರೆ ಎಳೆದಳು. "ನೀವೇ ಹೇಳಿದ್ರಲ್ರಿ, ಬಳೆ ಅಂತ!"

ಠ ಅಕ್ಷರದ ನಡುವೆ ನಿಜವಾದ ಸಾಸಿವೆ ಕಾಳು ಕೂತಿತ್ತು. ಅದು ಸರಿಯಬಾರದೆಂದು ಎರಡು ದಿನದಿಂದ ಕಸ ಗುಡಿಸಲು ಬಿಟ್ಟಿರಲಿಲ್ಲವಂತೆ.

ಇವಳಿಗೆ ಯಾರೂ ಒಂದಕ್ಷರ ಬರೆದು ತೋರಿಸಿರಲಿಲ್ಲ. ಬರೀ ನನ್ನ ದನಿ ಕೇಳಿ, ಇಷ್ಟನ್ನೂ ತಾನೇ ಕಟ್ಟಿಕೊಂಡಿದ್ದಳು. ಹಲಗೆಯ ಮೇಲೆ ಬರೆದು, ಕೈಹಿಡಿದು ತಿದ್ದಿಸಿದ ಎಷ್ಟೋ ಮಕ್ಕಳು ನೆನಪಾದರು. ಅವಳ ಪಕ್ಕ ನೆಲದ ಮೇಲೆ ಕೂತೆ.

ಒಂದು ಅಕ್ಷರ ಮಾತ್ರ ಯಾವುದೆಂದು ಗೊತ್ತಾಗಲಿಲ್ಲ. "ಅದು ಮ ರೀ," ಎಂದಳು. ನಾನು ಹೇಳಿಕೊಟ್ಟದ್ದನ್ನು ನೆನೆದು ನೋಡಿದೆ. ಅವಳು ಬರೆದದ್ದು ಹಾಗೆಯೇ ಇತ್ತು; ಬಲಗಡೆಯ ಕೊಂಬು ಎತ್ತ ತಿರುಗಬೇಕೆಂದು ನಾನೇ ಸರಿಯಾಗಿ ಹೇಳಿರಲಿಲ್ಲ.

"ತಪ್ಪು ನಿಂದಲ್ಲ ಮಗಾ, ನಂದು," ಎಂದು ಹೇಳಿ, ಮ ಬರೆದು ತೋರಿಸಿದೆ. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಭೀರವಾಗಿ, "ಹಂಗಾದ್ರೆ ರೇಡಿಯೊದಾಗೆ ಮತ್ತೆ ಹೇಳ್ರಿ ಮೇಡಂ. ಉಳಿದೋರೂ ತಪ್ಪು ಬರ್ದಿರ್ತಾರೆ," ಎಂದಳು.

ಸೋಮವಾರ ಹೊಸ ಪಾಠ ಬದಿಗಿಟ್ಟು, ಮೈಕಿನ ಮುಂದೆ ತಪ್ಪೊಪ್ಪಿಕೊಂಡು, ಮ ಅಕ್ಷರವನ್ನು ಮೊದಲಿನಿಂದ ಹೇಳಿಕೊಟ್ಟೆ.